ನವಣೆ ಹೊಲದ ವಾದ

ರಾತ್ರಿ ಹತ್ತು ದಾಟಿದೆ. ಪಾಲ್ಘಾಟ್ ಕಣಿವೆಯ ಗಾಳಿ ಉಡುಮಲೈಪೇಟೆಯ ಬಯಲನ್ನು ಹಾದು ಬಂದು ರಂಗದ ಪರದೆಯನ್ನು ಉಬ್ಬಿಸುತ್ತಿದೆ. ಗುಡಿಯ ಮುಂದೆ ಚಾಪೆ ಹಾಸಿ ಕೂತ ಹೆಂಗಸರ ಪಕ್ಕದಲ್ಲೇ ನಿಮಗೂ ಜಾಗ ಸಿಕ್ಕಿದೆ. ಎಡಕ್ಕೆ ತಮಿಳು ಮಾತು, ಬಲಕ್ಕೆ ಮಗ್ಗದ ಮನೆಗಳಿಂದ ಬಂದ ದೇವಾಂಗದವರ ಕನ್ನಡ. ಇವತ್ತಿನ ನಾಟಕ ‘ವಳ್ಳಿ ತಿರುಮಣಂ’. ಶಂಕರದಾಸ ಸ್ವಾಮಿಗಳು (1867–1922) ರಂಗಕ್ಕೆ ಕಟ್ಟಿಕೊಟ್ಟ ಈ ಕಥೆ ಇಲ್ಲಿ ಎಲ್ಲರಿಗೂ ಬಾಯಿಪಾಠ. ಆದರೂ ಯಾರೂ ಮನೆಗೆ ಹೋಗುವುದಿಲ್ಲ.

ಬಫೂನನ ಕುಣಿತ ಮುಗಿಯಿತು, ನಾರದ ಬಂದು ಹೋದ. ಈಗ ಹಾರ್ಮೋನಿಯಂ ಶ್ರುತಿ ಏರುತ್ತದೆ. ನವಣೆ ಹೊಲ ಕಾಯುವ ವಳ್ಳಿ ಹಕ್ಕಿ ಓಡಿಸುತ್ತ ಹಾಡುತ್ತಾಳೆ. ಬೇಟೆಗಾರನ ವೇಷದಲ್ಲಿ ಮುರುಗ ಬರುತ್ತಾನೆ. ಜಿಂಕೆಯೊಂದು ಇತ್ತ ಬಂತೇ ಎಂದು ಕೇಳುತ್ತಾನೆ. ಅದರ ಕಣ್ಣು, ನಡೆ, ಕತ್ತು ಎಂದು ವರ್ಣಿಸುತ್ತ ಹೋದಂತೆ ಜಿಂಕೆ ಮಾಯವಾಗಿ ಎದುರಿಗಿರುವ ಹುಡುಗಿಯೇ ಉಳಿಯುತ್ತಾಳೆ. ವಳ್ಳಿಗೆ ಅದು ತಕ್ಷಣ ತಿಳಿಯುತ್ತದೆ. ನಿನ್ನ ಊರು ಯಾವುದು, ಕುಲ ಯಾವುದು, ಮನೆಯಲ್ಲಿ ಒಬ್ಬ ಹೆಂಡತಿ ಇದ್ದಾಳಲ್ಲ? ಒಂದೊಂದು ಪ್ರಶ್ನೆಗೂ ಚಾಪೆಯ ಸಾಲಿನಲ್ಲಿ ನಗು ಏಳುತ್ತದೆ. ದೇವಸೇನೆಯ ಗಂಡ ತಡವರಿಸುತ್ತಾನೆ. ನಿಮ್ಮ ಬಲಗಡೆಯ ಅಜ್ಜಿ ವಳ್ಳಿಗೆ ಕೇಳುವಂತೆ ಕೂಗುತ್ತಾಳೆ: “ಒಪ್ಪಬ್ಯಾಡ!”

ಇದನ್ನು ‘ಸ್ಪೆಷಲ್ ನಾಟಕ’ ಎನ್ನುತ್ತಾರೆ. ನಟನಟಿಯರನ್ನು ಬೇರೆ ಬೇರೆ ಕಡೆಯಿಂದ ಒಬ್ಬೊಬ್ಬರಾಗಿ ಗೊತ್ತು ಮಾಡುತ್ತಾರೆ, ತಾಲೀಮು ಇಲ್ಲ. ಹೀಗಾಗಿ ಮುರುಗ ಏನು ಕೇಳುತ್ತಾನೆಂದು ವಳ್ಳಿಗೆ ಪೂರ್ತಿ ಗೊತ್ತಿರುವುದಿಲ್ಲ, ಅವಳು ಏನು ಎಸೆಯುತ್ತಾಳೆಂದು ಅವನಿಗೂ. ಅಪರಿಚಿತರಿಬ್ಬರು ಒಬ್ಬರನ್ನೊಬ್ಬರು ಅಳೆಯುವ ಆ ತವಕ ಅಭಿನಯದ್ದೋ ನಿಜದ್ದೋ ಎಂದು ನೀವು ಬೇರ್ಪಡಿಸಲಾರಿರಿ.

ಕಾವೇರಿ ದಂಡೆಯ ಕೊಡುಮುಡಿಯಲ್ಲಿ ಹುಟ್ಟಿದ ಕೆ.ಬಿ. ಸುಂದರಾಂಬಾಳ್ ಅವರಿಗೂ ಅದು ಬೇರ್ಪಡಲಿಲ್ಲ. ಶ್ರೀಲಂಕಾದ ರಂಗದ ಮೇಲೆ ಅವರು ವಳ್ಳಿ, ಎಸ್.ಜಿ. ಕಿಟ್ಟಪ್ಪ ಮುರುಗ. 1927ರಲ್ಲಿ ಇಬ್ಬರೂ ಮದುವೆಯಾದರು. ಕಿಟ್ಟಪ್ಪನವರಿಗೆ ಆಗಲೇ ಹೆಂಡತಿ ಇದ್ದರು. 1933ರಲ್ಲಿ ಕಿಟ್ಟಪ್ಪ ತೀರಿಕೊಂಡರು. ಆಮೇಲೆ ಸುಂದರಾಂಬಾಳ್ ಬಿಳಿ ಸೀರೆ ಬಿಡಲಿಲ್ಲ, ಯಾವ ಗಂಡಿನ ಜೋಡಿಯಾಗಿಯೂ ನಟಿಸಲಿಲ್ಲ.

ರಂಗದ ಮೇಲೆ ಮುರುಗ ಈಗ ಮುದುಕನಾಗಿದ್ದಾನೆ. ವಳ್ಳಿ ಜೇನು ಬೆರೆಸಿದ ಹಿಟ್ಟು ಕೊಡುತ್ತಾಳೆ, ನೀರು ಕುಡಿಸುತ್ತಾಳೆ. ಅಣ್ಣ ಗಣಪತಿ ಆನೆಯಾಗಿ ನುಗ್ಗುತ್ತಾನೆ. ಬೆದರಿದ ವಳ್ಳಿ ಮುದುಕನನ್ನೇ ತಬ್ಬಿಕೊಂಡು ಮದುವೆಗೆ ಒಪ್ಪುತ್ತಾಳೆ. ಸುತ್ತಲೂ ಚಪ್ಪಾಳೆ. ನನಗೆ ಮಾತ್ರ ಈ ಆನೆ ಯಾವತ್ತೂ ಇಷ್ಟವಾಗಿಲ್ಲ. ಹೆದರಿಸಿ ಪಡೆದ ಒಪ್ಪಿಗೆಯಲ್ಲಿ ಪ್ರೇಮ ಎಷ್ಟಿರುತ್ತದೆ? ಬಸ್ಸಿನಲ್ಲಿ ಗಂಟೆಯ ದಾರಿಯಾಚೆ, ಪಳನಿ ಬೆಟ್ಟದ ಮೇಲೆ ಕೌಪೀನ ತೊಟ್ಟು ಎಲ್ಲ ಬಿಟ್ಟು ನಿಂತ ದೇವರು ಈ ಹುಡುಗಿಯ ಮುಂದೆ ಮಾತು ಸೋತು ನಿಲ್ಲುತ್ತಾನಲ್ಲ, ಪ್ರೇಮ ಇರುವುದು ಅಲ್ಲಿ. ವಾದವನ್ನು ಬೇಗ ಮುಗಿಸದ ನಟಿಯೇ ದೊಡ್ಡ ವಳ್ಳಿ.

ಹಬ್ಬದ ದಿನಗಳಲ್ಲಿ ಈ ಕಡೆ ಬಂದರೆ ಒಂದು ರಾತ್ರಿ ಉಳಿಯಿರಿ. ಆನೆ ಬರುವ ಮೊದಲು ನಿದ್ದೆ ಮಾಡಬೇಡಿ.