ಆರು ವೋಲ್ಟಿನ ಸುಖ

ಹಳೇ ಜಾವಾದಲ್ಲಿ ಕರೆಂಟು ಓಡಾಡುವ ದಾರಿಗಳು ಕಡಿಮೆ. ಅಷ್ಟನ್ನೂ ಕೈಯಾರೆ ಮುಟ್ಟಿ ನೋಡಬಹುದು. ಭಾನುವಾರ ಬೆಳಿಗ್ಗೆ ಚಾಮರಾಜಪೇಟೆಯ ಮನೆಯ ಕಾಂಪೌಂಡಿನಲ್ಲಿ ಗಾಡಿಯ ಬಲಬದಿಯ ಕವರು ಬಿಚ್ಚಿ ಕೂತರೆ ನನಗೆ ತಿಂಡಿಯ ನೆನಪೂ ಆಗುವುದಿಲ್ಲ. ಡೈನಮೋ, ಪಾಯಿಂಟು ಎರಡೂ ಅಲ್ಲೇ, ಕಣ್ಣೆದುರಿಗೇ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 60ರ ದಶಕದಲ್ಲಿ ಮಾಡಿದ ಗಾಡಿ ಇದು. 1973ರಲ್ಲಿ ಅಲ್ಲಿನ ಗಾಡಿಗಳಿಗೆ ಯೆಜ್ದಿ ಎಂಬ ಹೆಸರಾಯಿತು, 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಕಾರ್ಬನ್ ಬ್ರಷ್ಷೋ ಪಾಯಿಂಟ್ ಸೆಟ್ಟೋ ಬೇಕೆಂದರೆ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಲು ನಡೆದೇ ಹೋಗಬಹುದು. ಈ ಭಾಗದಲ್ಲಿ ಮನೆ ಇರುವುದು ನಮ್ಮ ಪುಣ್ಯ.

ಆರು ವೋಲ್ಟಿನ ಗಾಡಿಗೆ ಕಿಲುಬು ಅಂದರೆ ಆಗದು. 36 ವಾಟಿನ ಬಲ್ಬು 12 ವೋಲ್ಟಿನಲ್ಲಾದರೆ 3 ಆಂಪಿಯರ್ ಎಳೆಯುತ್ತದೆ, 6 ವೋಲ್ಟಿನಲ್ಲಿ 6 ಆಂಪಿಯರ್ ಬೇಕು. ನಡುವೆ ಕಿಲುಬು ಹಿಡಿದ ಒಂದು ಜಾಯಿಂಟು 0.2 ಓಮಿನಷ್ಟು ತಡೆದರೂ ಆರರಲ್ಲಿ ಒಂದು ವೋಲ್ಟು ಅಲ್ಲೇ ಹೋಯಿತು. ಅದಕ್ಕೇ ಕಲಾಸಿಪಾಳ್ಯದ ಹಳೇ ಮೆಕ್ಯಾನಿಕ್ ಒಬ್ಬರು ನಾನು ಯಾವ ತೊಂದರೆ ಹೇಳಿಕೊಂಡು ಹೋದರೂ ಮೊದಲು ಕೇಳುವುದು, "ಅರ್ತಿಂಗ್ ನೋಡಿದ್ರಾ ಸಾರ್?" ಬ್ಯಾಟರಿಯಿಂದ ವೈರಿನಲ್ಲಿ ಹೊರಟ ಕರೆಂಟು ವಾಪಸು ಬರುವುದು ಗಾಡಿಯ ಮೈಯಲ್ಲಿ. ಚೆಂದ ಕಾಣಲೆಂದು ದಪ್ಪಗೆ ಪೇಂಟು ಹೊಡೆಸಿದರೆ ಆ ದಾರಿ ಮುಚ್ಚಿತೆಂದೇ ಲೆಕ್ಕ.

ನನ್ನ ಸಲಕರಣೆ ಒಂದು ಸಣ್ಣ ಬಲ್ಬು, ಎರಡು ವೈರು, ತುದಿಗೊಂದು ಕ್ಲಿಪ್ಪು. ಮಲ್ಟಿಮೀಟರೂ ಇದೆ. ಆದರೆ ಒಂದೇ ಎಳೆಯಲ್ಲಿ ನೇತಾಡುತ್ತಿರುವ ವೈರಿನಲ್ಲೂ ಅದು ಪೂರ್ತಿ ಆರು ವೋಲ್ಟು ತೋರಿಸಿಬಿಡುತ್ತದೆ. ಬಲ್ಬು ಉರಿಯಬೇಕಾದರೆ ನಿಜವಾಗಿ ಕರೆಂಟು ಹರಿಯಬೇಕು, ಹಾಗಾಗಿ ನನ್ನ ನಂಬಿಕೆ ಅದರ ಮೇಲೆ.

ಹಿಂದಿನ ಲೈಟನ್ನೇ ತೆಗೆದುಕೊಳ್ಳಿ. ಬ್ರೇಕು ಒತ್ತಿದಾಗ ಬೆಳಕು ಏರುವ ಬದಲು ಇಳಿಯಿತು ಅಂದರೆ ಎರಡು ಫಿಲಮೆಂಟುಗಳ ಅರ್ತೂ ಒಟ್ಟಿಗೆ ಸೋತಿದೆ. ಹೋಲ್ಡರಿನಿಂದ ಬ್ಯಾಟರಿಯ ಅರ್ತ್ ಟರ್ಮಿನಲ್ಲಿಗೆ ಬೇರೆ ವೈರು ಹಿಡಿಯುತ್ತೇನೆ. ಲೈಟು ಫಳಕ್ಕನೆ ಹತ್ತಿಕೊಳ್ಳುತ್ತದೆ! ಕಳ್ಳ ಸಿಕ್ಕ ಆ ಗಳಿಗೆಗಾಗಿಯೇ ನಾನು ಇದಕ್ಕೆ ಕೂರುವುದು. ಆಮೇಲೆ ಬೋಲ್ಟು ಬಿಚ್ಚಿ, ಮಡ್‌ಗಾರ್ಡನ್ನು ವಾಷರಿನಷ್ಟಗಲ ಮಾತ್ರ ಎಮೆರಿ ಕಾಗದದಲ್ಲಿ ಉಜ್ಜುತ್ತೇನೆ. ಮೊದಲು ಮೆರೂನು ಪುಡಿ ಉದುರುತ್ತದೆ, ಅದರಡಿ ಪ್ರೈಮರು, ಕೊನೆಗೆ ಬೆಳ್ಳಗೆ ಹೊಳೆಯುವ ತಗಡು. ಹಲ್ಲಿನ ವಾಷರು ಹಾಕಿ ಬಿಗಿದು, ಮೇಲೆ ಚೂರು ವ್ಯಾಸಲೀನ್ ಸವರಿದರೆ ಮಳೆಗಾಲ ದಾಟುತ್ತದೆ.

ಪಾಯಿಂಟಿನ ಕೆಲಸಕ್ಕೆ ಇಷ್ಟು ಹೊತ್ತು ಹಿಡಿಯುವುದಿಲ್ಲ: ಸಂದಿ 0.4 ಮಿಲಿಮೀಟರ್. ಪಾಯಿಂಟು ಮತ್ತೆ ಮತ್ತೆ ಕರಕಲಾಗುತ್ತಿದ್ದರೆ ಕಂಡೆನ್ಸರ್ ಬದಲಾಯಿಸಿ.

12 ವೋಲ್ಟಿಗೆ ಮಾಡಿಸಿಬಿಡಿ ಎನ್ನುವವರು ಬಹಳ. ರಾತ್ರಿ ಹೊತ್ತು ಹೈವೇಗೆ ಇಳಿಯುವವರಿಗೆ ಅದೇ ಸರಿ. ನನ್ನ ಓಡಾಟ ಗಾಂಧಿ ಬಜಾರು, ಬುಲ್ ಟೆಂಪಲ್ ರಸ್ತೆ, ಹೆಚ್ಚೆಂದರೆ ಮಲ್ಲೇಶ್ವರ. ಸದ್ಯ ಹಾರನ್ನಿನ ದನಿ ಸೊರಗಿದೆ; ಮುಂದಿನ ಭಾನುವಾರ ಹ್ಯಾಂಡಲಿನ ಕಡೆಯಿಂದ ಶುರು ಮಾಡಬೇಕು.