ಪುಸ್ತಕ ಮುಚ್ಚಿದ ಮೇಲೆ

ಓದುವುದು ಗೊತ್ತಿಲ್ಲದ ಮಕ್ಕಳಿಗೆ ಮೆಡಿಕಲ್ ಸೀಟು ಸಿಗುವುದಿಲ್ಲ. ನೀಟ್‌ನಲ್ಲಿ ಲಕ್ಷಾಂತರ ಜನರನ್ನು ಹಿಂದೆ ಹಾಕಿ ಬಂದವರು ಅವರು. ಹಾಗಿದ್ದೂ ಮೊದಲ ಇಂಟರ್ನಲ್ ಮುಗಿಯುತ್ತಿದ್ದಂತೆ ಕೆಲವರ ಮುಖ ಬಾಡುತ್ತದೆ. ಫಿಸಿಯಾಲಜಿ ಪಾಠ ಹೇಳಿದ ಇಷ್ಟು ವರ್ಷಗಳಲ್ಲಿ ಪ್ರತಿ ಬ್ಯಾಚಿನಲ್ಲೂ ಅಂಥ ಮುಖಗಳನ್ನು ನೋಡಿದ್ದೇನೆ.

ಅವರಲ್ಲೊಬ್ಬಳು ರಾಯಚೂರು ಕಡೆಯ ಹುಡುಗಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಅವಳ ಗೈಟನ್ ಪುಸ್ತಕದ ಪುಟಗಳೆಲ್ಲ ಹಳದಿ. ಗೆರೆ ಎಳೆಯದ ಸಾಲೇ ಇರಲಿಲ್ಲ. "ಮೂರ್ ಸಲ ಓದೀನ್ರಿ ಮೇಡಂ. ಪುಸ್ತಕ ತೆರೆದ್ರ ಎಲ್ಲಾ ಗೊತ್ತದ ಅನ್ನಸ್ತದ. ಪೇಪರ್ ಮುಂದ ಕುಂತ್ರ ಏನೂ ನೆನಪಾಗಂಗಿಲ್ರಿ" ಅಂದಳು. ಸೀಟು ಬಿಟ್ಟು ಊರಿಗೆ ಹೋಗಿ ಬಿ.ಎಸ್ಸಿ. ಸೇರುವ ಯೋಚನೆಯೂ ಅವಳಿಗೆ ಬಂದಿತ್ತು. ಮೊದಲ ವರ್ಷದ ಪರೀಕ್ಷೆ ದಾಟಲು ಇರುವುದು ನಾಲ್ಕೇ ಅವಕಾಶ ಎಂಬ ಲೆಕ್ಕ ಅವಳ ತಲೆಯಲ್ಲಿ ಕೂತಿತ್ತು.

ಅವಳ ಮಾತಿನಲ್ಲೇ ರೋಗವೂ ಇತ್ತು, ಮದ್ದೂ ಇತ್ತು. ತೆರೆದ ಪುಸ್ತಕ ನಮಗೆ ಸುಳ್ಳು ಹೇಳುತ್ತದೆ. ಮೂರನೆಯ ಸಲ ಓದುವಾಗ ಸಾಲುಗಳು ಪರಿಚಿತವಾಗಿರುತ್ತವೆ. ಆ ಪರಿಚಯವನ್ನೇ ನಾವು ತಿಳಿವಳಿಕೆ ಎಂದುಕೊಳ್ಳುತ್ತೇವೆ. ನೀಟ್‌ಗೆ ಇದು ಒಂದು ಮಟ್ಟಿಗೆ ಸಾಕಾಗುತ್ತದೆ, ಏಕೆಂದರೆ ಅಲ್ಲಿ ಉತ್ತರ ಕಣ್ಣೆದುರಿಗೇ ಇರುತ್ತದೆ, ನಾಲ್ಕರಲ್ಲಿ ಒಂದನ್ನು ಗುರುತಿಸಿದರಾಯಿತು. ಮೆಡಿಕಲ್ ಕಾಲೇಜಿನಲ್ಲಿ ಖಾಲಿ ಹಾಳೆ ಕೊಟ್ಟು ಬರೆ ಅನ್ನುತ್ತಾರೆ.

ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿ, ಹಾಳೆ ಮುಚ್ಚಿ, ನೆನಪಾದದ್ದನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ಲೆಕ್ಕ ತಲೆಕೆಳಗಾಯಿತು: ಮುಚ್ಚಿ ಬರೆದವರು ಮುಂದೆ ಬಂದರು. ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲ ಗೊತ್ತಿತ್ತು, ಆಮೇಲೆ ಮರೆಯಿತು ಎನ್ನುವವರು ಸುಳ್ಳಾಡುತ್ತಿಲ್ಲ ಎಂದು ನನಗೆ ಇದರಿಂದ ಅರ್ಥವಾಯಿತು.

ಈ ಉಪಾಯಕ್ಕೆ ಕನ್ನಡದಲ್ಲಿ ಹಳೆಯ ಹೆಸರೇ ಇದೆ: ಒಪ್ಪಿಸುವುದು. ಸಂಜೆ ದೀಪ ಹಚ್ಚಿದ ಮೇಲೆ ಮಗ್ಗಿ ಒಪ್ಪಿಸದೆ ಊಟವಿಲ್ಲದ ಮನೆಗಳಲ್ಲಿ ನಮ್ಮ ತಲೆಮಾರು ಬೆಳೆಯಿತು. ನಿನ್ನೆಯ ಮಗ್ಗಿ ಇವತ್ತೂ ಹೇಳಬೇಕು, ಮುಂದಿನ ವಾರವೂ ಹೇಳಬೇಕು. ಅರ್ಥ ಬಿಟ್ಟು ಬರೀ ಉರು ಹೊಡೆಸಿದ್ದು ಅದರ ಕೊರತೆ. ಅದನ್ನು ಬೈಯುವ ಭರದಲ್ಲಿ ಒಪ್ಪಿಸುವುದನ್ನೇ ಕೈಬಿಟ್ಟೆವು.

ಬಿಡದೆ ಇಟ್ಟುಕೊಂಡವರನ್ನು ನಾನು ಶಿವಾಜಿನಗರದಲ್ಲಿ ಕಂಡಿದ್ದೇನೆ. 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯಲ್ಲಿ ನನಗೆ ಪರಿಚಯದ ಮಟನ್ ಅಂಗಡಿಯೊಂದಿದೆ. ಕೆಲಸ ಕಲಿಯಲು ಬಂದ ಹುಡುಗನಿಗೆ ಅಲ್ಲಿ ಯಾರೂ ಪಾಠ ಮಾಡುವುದಿಲ್ಲ. ತುಂಡನ್ನು ತಕ್ಕಡಿಗೆ ಹಾಕುವ ಮೊದಲು ಯಜಮಾನರು "ಎಷ್ಟು?" ಅನ್ನುತ್ತಾರೆ. ಹುಡುಗ ಕೈಯಲ್ಲೇ ತೂಗಿ ಹೇಳುತ್ತಾನೆ. ತಪ್ಪಾದರೆ ತಕ್ಕಡಿ ಆ ಕ್ಷಣವೇ ಹೇಳುತ್ತದೆ. ದಿನಕ್ಕೆ ನೂರು ಸಲ ಕೇಳಿಸಿಕೊಂಡವನ ಕೈ ಕೆಲವೇ ತಿಂಗಳಲ್ಲಿ ತಕ್ಕಡಿಯಾಗುತ್ತದೆ.

ಅದೇ ಅಂಗಡಿಯಿಂದ ಒಂದು ಬೆಳಿಗ್ಗೆ ಮೇಕೆಯ ಗುಂಡಿಗೆ ಆರು ಕೊಂಡೆ. "ಕಲೇಜಿ ಬೇಡ್ವಾ ಮೇಡಂ, ಬರೀ ದಿಲ್ಲಾ?" ಎಂದು ಯಜಮಾನರು ನಕ್ಕರು. ಮೇಲಿನ ಕೊಳವೆಗಳನ್ನು ಕತ್ತರಿಸದೆ ಕೊಡಿ ಅಂದೆ.

ಲ್ಯಾಬಿನಲ್ಲಿ ಹಿಂದುಳಿದ ಹತ್ತು ಹನ್ನೆರಡು ಮಕ್ಕಳಿದ್ದರು. ಗುಂಡಿಗೆ ಮುಟ್ಟುವ ಮೊದಲು, ಪುಸ್ತಕ ನೋಡದೆ, ಒಳಗೆ ಹೇಗಿರುತ್ತದೆ ಬರೆಯಿರಿ ಅಂದೆ. ಬಹಳ ಜನ ಎಡ ಬಲದ ಗೋಡೆಗಳನ್ನು ಒಂದೇ ದಪ್ಪಕ್ಕೆ ಬರೆದಿದ್ದರು. ಕೊಯ್ದು ನೋಡಿದರೆ ಎಡದ ಗೋಡೆ ಬಲದ್ದಕ್ಕಿಂತ ಎಷ್ಟೋ ದಪ್ಪ. ಏಕೆ? ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ರಾಯಚೂರಿನವಳು ಅಂದಳು: "ಬಲಕ್ಕ ಪಕ್ಕದ ಮನೀಗೆ ನೀರು ಕೊಡೋ ಕೆಲಸರಿ, ಪುಪ್ಪುಸಕ್ಕ ಅಷ್ಟ. ಎಡಕ್ಕ ಊರೆಲ್ಲಾ ಕೊಡಬೇಕು."

ಇಂಗ್ಲಿಷಿನಲ್ಲಿ ಮೂರು ಸಲ ಓದಿದ್ದು ಅವಳಿಗೆ ಕನ್ನಡದಲ್ಲಿ ದಕ್ಕಿತು. ಪರೀಕ್ಷೆ ಇಂಗ್ಲಿಷಿನಲ್ಲೇ ಬರೆಯಬೇಕಲ್ಲ? ಅದಕ್ಕೂ ದಾರಿ ಮಾಡಿಕೊಂಡೆವು. ಹತ್ತು ಪುಟ ಓದುವುದು, ಮುಚ್ಚುವುದು, ಏಕೆ ಹೀಗೆ ಎಂದು ಕನ್ನಡದಲ್ಲಿ ತನಗೆ ತಾನೇ ಹೇಳಿಕೊಳ್ಳುವುದು, ಬಳಿಕ ಅದನ್ನೇ ಇಂಗ್ಲಿಷ್ ಪದಗಳೊಂದಿಗೆ ಬರೆಯುವುದು, ಬಿಟ್ಟುಹೋದದ್ದನ್ನು ಪುಸ್ತಕ ನೋಡಿ ಕೆಂಪು ಶಾಯಿಯಲ್ಲಿ ತುಂಬುವುದು. ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಮತ್ತೆ ಖಾಲಿ ಹಾಳೆ. ಮೊದಲ ವಾರ ಅವಳ ಹಾಳೆ ತುಂಬಾ ಕೆಂಪು. ಅದು ಸೋಲಲ್ಲ, ತಕ್ಕಡಿಯ ಮಾತು ಎಂದು ಹೇಳಬೇಕಾಯಿತು.

2019ರಲ್ಲಿ ಎಂ.ಬಿ.ಬಿ.ಎಸ್. ಪಠ್ಯಕ್ರಮ ಬದಲಾದಾಗ ಆರಂಭಕ್ಕೆ ಒಂದು ತಿಂಗಳ ಫೌಂಡೇಶನ್ ಕೋರ್ಸ್ ಸೇರಿತು. ಸಮಯ ನಿರ್ವಹಣೆ, ತಾನೇ ಕಲಿಯುವ ಬಗೆ, ಸ್ಥಳೀಯ ಭಾಷೆ ಎಲ್ಲ ಅದರಲ್ಲಿವೆ. ಒಳ್ಳೆಯದೇ. ಆದರೆ ಕಲಿಯುವ ಬಗೆಯನ್ನೂ ಸ್ಲೈಡು ತೋರಿಸಿ ಕಲಿಸಿದರೆ ಅದೂ ಹಳದಿ ಗೆರೆಯ ಪಾಲಾಗುತ್ತದೆ. ಅದನ್ನು ಪಾಠದೊಳಗೇ, ಆಯಾ ವಿಷಯದ ಮೇಷ್ಟ್ರುಗಳೇ ಮಾಡಿಸಬೇಕು. ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಮಕ್ಕಳಿಗೂ ಇದೇ ಮಾತು.

ಹುಡುಗಿ ಊರಿಗೆ ಹೋಗಲಿಲ್ಲ. ಮೊದಲ ವರ್ಷ ದಾಟಿದಳು, ದೊಡ್ಡ ಅಂಕಗಳೇನಲ್ಲ. ಅಂಕದ ಮಾತನ್ನು ನಾನು ಹೆಚ್ಚು ಆಡುವುದೂ ಇಲ್ಲ. ಮಾರುಕಟ್ಟೆಗೆ ಹತ್ತಿರದಲ್ಲೇ ಬೌರಿಂಗ್ ಆಸ್ಪತ್ರೆಯಿದೆ. ಅಂಥ ಆಸ್ಪತ್ರೆಯ ಹೊರರೋಗಿ ಸಾಲಿನಲ್ಲಿ ನಿಂತವರು ಕನ್ನಡ, ತಮಿಳು, ದಖನಿಗಳಲ್ಲಿ ತಮ್ಮ ಎದೆನೋವು ಹೇಳುತ್ತಾರೆ. ಅವರು ನಾಲ್ಕು ಉತ್ತರ ಮುಂದಿಟ್ಟು ಆರಿಸಿಕೋ ಅನ್ನುವುದಿಲ್ಲ.