ಇಲ್ಲದ ಫ್ಲಾಪಿಯ ಪುರಾಣ

ಶಾಲೆಗಳಲ್ಲಿ ಡೆಡ್ ಸ್ಟಾಕ್ ರಿಜಿಸ್ಟರ್ ಎಂಬ ದಪ್ಪ ಪುಸ್ತಕವೊಂದಿರುತ್ತದೆ. ಕಾಲು ಮುರಿದ ಬೆಂಚು, ಒಡೆದ ಗ್ಲೋಬು, ಪೆಡಲಿಲ್ಲದ ಹೊಲಿಗೆ ಯಂತ್ರ, ಎಲ್ಲಕ್ಕೂ ಅದರಲ್ಲಿ ಜಾಗವುಂಟು. ವಸ್ತು ಹೋದರೂ ಹೆಸರು ಹೋಗುವುದಿಲ್ಲ. ಹೊಡೆದುಹಾಕಲು ಮೇಲಿನವರ ಮಂಜೂರಾತಿ ಬೇಕು. ದಾವಣಗೆರೆಯಲ್ಲಿ ಮೂವತ್ತು ವರ್ಷದ ಹತ್ತಿರ ಪಾಠ ಮಾಡಿದ ನನಗೆ ಈ ಪುಸ್ತಕದ ಪರಿಚಯ ಚೆನ್ನಾಗಿಯೇ ಇದೆ. ಕಂಪ್ಯೂಟರಿನಲ್ಲೂ ಇಂಥದೇ ಒಂದು ಕಥೆಯಿದೆಯೆಂದು ತಿಳಿದದ್ದು ತಂಗಿಯ ಮಗನಿಂದ. ಇಂಜಿನಿಯರಿಂಗ್ ಓದುವ ಹುಡುಗ. ಮಂಡಕ್ಕಿ-ಮಿರ್ಚಿ ಮುಂದಿಟ್ಟರೆ ಬಿ.ಎ., ಬಿ.ಎಡ್. ಓದಿದ ದೊಡ್ಡಮ್ಮನಿಗೂ ಎಲ್ಲವನ್ನೂ ಬಿಡಿಸಿ ಹೇಳುತ್ತಾನೆ.

ಕಂಪ್ಯೂಟರಿನೊಳಗೆ ಕರ್ನಲ್ ಎಂಬುದು ಕೂಡು ಕುಟುಂಬದ ಹಿರಿಸೊಸೆ ಇದ್ದಂತೆ. ಯಾರಿಗೆ ಏನು ಬೇಕು, ಯಾವ ಯಂತ್ರಕ್ಕೆ ಯಾವಾಗ ಕೆಲಸ, ಎಲ್ಲವನ್ನೂ ನೋಡುವವಳು ಅವಳೇ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಬರೆಯತೊಡಗಿದ ಲಿನಕ್ಸ್ ಕರ್ನಲ್ ಇಂದು ನಮ್ಮ ಆಂಡ್ರಾಯ್ಡ್ ಫೋನುಗಳಿಗೂ ಆಧಾರ. ಆ ಲಿನಕ್ಸಿನಲ್ಲಿ ಫ್ಲಾಪಿಯನ್ನು ನೋಡಿಕೊಳ್ಳಲೆಂದೇ ಒಂದು ಭಾಗವಿದೆ. ಫ್ಲಾಪಿ ನೆನಪಿದೆಯಲ್ಲ? ಅಂಗೈಯಗಲದ ಚೌಕ ಬಿಲ್ಲೆ; ಹಿಡಿಸುತ್ತಿದ್ದುದು 1.44 ಎಂ.ಬಿ. ಮಾತ್ರ.

"ಈಗ ಫ್ಲಾಪಿಯೇ ಇಲ್ಲವಲ್ಲೋ, ಆ ಭಾಗ ಯಾಕೆ?" ಎಂದೆ.

"ಒಂದು ದೊಡ್ಡ ಕಂಪ್ಯೂಟರಿನ ಹೊಟ್ಟೆಯೊಳಗೆ ಹತ್ತಾರು ಸುಳ್ಳು ಕಂಪ್ಯೂಟರ್ ನಡೆಸ್ತಾರೆ ದೊಡ್ಡಮ್ಮ. ಪ್ರತಿಯೊಂದೂ ತನಗೇ ಸ್ವಂತ ಯಂತ್ರಗಳಿವೆ ಅಂತ ನಂಬಿರುತ್ತೆ" ಎಂದ.

ನನಗೆ ನಮ್ಮೂರಿನ ಚಿಂದೋಡಿ ಲೀಲಾ ಅವರ ಕಂಪನಿ ನಾಟಕಗಳ ಪರದೆ ಕಣ್ಮುಂದೆ ಬಂತು. ಅರಮನೆಯಿಲ್ಲ, ಬಾಗಿಲಿಲ್ಲ, ಎಲ್ಲ ಬಣ್ಣದಲ್ಲಿ ಬರೆದದ್ದು. ಪಾತ್ರಧಾರಿಗಳಿಗೆ ಮಾತ್ರ ಅದೇ ಅರಮನೆ. ಕಂಪ್ಯೂಟರಿನಲ್ಲಿ ಇಂಥ ಪರದೆ ಬರೆಯುವ ತಂತ್ರಾಂಶಗಳಲ್ಲೊಂದು ಕ್ಯೂಇಎಂಯು. ಅದು ಯಾರೂ ಕೇಳದಿದ್ದರೂ ಒಂದು ಫ್ಲಾಪಿ ಡ್ರೈವನ್ನೂ ಬರೆದಿಡುತ್ತಿತ್ತು. ಆ ಚಿತ್ರದ ಬಾಗಿಲಿನಿಂದಲೇ ಸುಳ್ಳು ಕಂಪ್ಯೂಟರು ದಾಟಿ ನಿಜವಾದದ್ದರೊಳಗೆ ನುಗ್ಗಬಹುದೆಂದು 2015ರಲ್ಲಿ ಗೊತ್ತಾಯಿತು. 2004ರಿಂದಲೂ ಇದ್ದ ದೋಷ ಅದು!

2019ರಲ್ಲಿ ಲಿನಕ್ಸಿನ ಕಡೆಯ ತಪ್ಪುಗಳೂ ಸಿಕ್ಕಿದವು. ಕಂಡುಹಿಡಿದು ಸರಿಪಡಿಸಿದವರು ಡೆನಿಸ್ ಎಫ್ರೆಮೊವ್. ಡ್ರೈವಿನಲ್ಲಿ ಫ್ಲಾಪಿ ಹಾಕಿರದಿದ್ದರೂ ಸಾಮಾನ್ಯ ಬಳಕೆದಾರನೊಬ್ಬ "ಫ್ಲಾಪಿಯ ಅಳತೆ ಇಷ್ಟು" ಎಂದು ಸುಳ್ಳು ಲೆಕ್ಕ ಕೊಡಬಹುದಿತ್ತು. ಕರ್ನಲ್ ಅದನ್ನು ನಂಬಿ ಸೊನ್ನೆಯಿಂದ ಭಾಗಿಸಲು ಹೋಗಿ ಮುಗ್ಗರಿಸುತ್ತಿತ್ತು. ಸೊನ್ನೆಯಿಂದ ಭಾಗಿಸಬಾರದೆಂದು ನಾವು ಮಕ್ಕಳಿಗೆ ಎಷ್ಟು ಸಲ ಹೇಳುತ್ತೇವೆ! ಇನ್ನೊಂದು ತಪ್ಪಿನಿಂದ ತನಗೆ ಸೇರದ ಜಾಗವನ್ನೂ ಓದಿಬಿಡುತ್ತಿತ್ತು. ಮದ್ದು ಸರಳ: ಹೇಳಿದ ಅಳತೆಯನ್ನು ನಂಬುವ ಮೊದಲು ಪರೀಕ್ಷಿಸುವುದು.

ಆ ಭಾಗವನ್ನು ನೋಡಿಕೊಳ್ಳುತ್ತಿದ್ದ ಜಿರಿ ಕೊಸಿನಾ ಅವರ ಬಳಿ ಕೆಲಸ ಮಾಡುವ ಫ್ಲಾಪಿ ಡ್ರೈವೇ ಉಳಿದಿರಲಿಲ್ಲ. ಅದೇ ಜುಲೈಯಲ್ಲಿ ಟೊರ್ವಾಲ್ಡ್ಸ್ ಅದರ ಹೆಸರಿನ ಮುಂದೆ "ಅನಾಥ" ಎಂದು ಬರೆದರು. ಆದರೆ ಸುಳ್ಳು ಕಂಪ್ಯೂಟರುಗಳಲ್ಲಿ ಇನ್ನೂ ಫ್ಲಾಪಿ ಇದೆಯೆಂದು ಅದನ್ನು ಕಿತ್ತುಹಾಕಲಿಲ್ಲ. ಮುಂದೆ ಎಫ್ರೆಮೊವ್ ಅವರೇ ಅದರ ಜವಾಬ್ದಾರಿ ಹೊತ್ತರು.

ಹುಡುಗ ಇದನ್ನೆಲ್ಲ ಹೇಳುತ್ತಿದ್ದರೆ ನನ್ನ ಮನಸ್ಸು ಹರಿಹರದ ತವರುಮನೆಗೆ ಹೋಗಿತ್ತು. ಅಪ್ಪ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದವರು. ತೀರಿಕೊಂಡು ಆರು ವರ್ಷವಾದರೂ ಅವರ ಬ್ಯಾಂಕ್ ಖಾತೆ ಹಾಗೇ ಇತ್ತು, ಅವರ ಮೊಬೈಲು ಅವ್ವನ ಕೈಯಲ್ಲಿತ್ತು. ಮುಚ್ಚಿಸೋಣವೆಂದಾಗಲೆಲ್ಲ ಅವ್ವನದು ಒಂದೇ ಮಾತು: "ಇರಲಿ ಬಿಡವ್ವ, ಅದೇನು ಅನ್ನ ಕೇಳತೈತೇನು?"

ಕಳೆದ ಶ್ರಾವಣದಲ್ಲಿ ಯಾರೋ ಅಪ್ಪನ ಹೆಸರು ಹಿಡಿದು ಫೋನ್ ಮಾಡಿದರು. ಕಾರ್ಡು ಬಂದಾಗುತ್ತದೆ, ಮೆಸೇಜಿನಲ್ಲಿ ಬಂದ ನಂಬರ್ ಹೇಳಿ ಎಂದರಂತೆ. "ಅವರು ಹೋಗಿ ಆರು ವರ್ಷ ಆತಪ್ಪ" ಎಂದಳು ಅವ್ವ. ಆ ಕಡೆಯವನು ಕ್ಷಣವೂ ತಡೆಯದೆ, "ಹಂಗಾದ್ರೆ ನೀವೇ ಹೇಳ್ರಿ ಅಮ್ಮ" ಎಂದನಂತೆ. ಅವ್ವ ಫೋನ್ ಇಟ್ಟುಬಿಟ್ಟಳು. ದುಡ್ಡು ಹೋಗಲಿಲ್ಲ. ಆದರೆ ಎರಡು ದಿನ ಅವಳಿಗೆ ಊಟ ಸೇರಲಿಲ್ಲ. "ಸತ್ತವರ ಹೆಸರು ಹಿಡಕೊಂಡು ಮನಿಯೊಳಗೆ ನುಗ್ಗತಾರಲ್ಲ" ಎಂದು ಹಲುಬಿದಳು.

ಮುಂದಿನ ಭಾನುವಾರ ಹೋದಾಗ ಅವ್ವನಿಗೆ ಫ್ಲಾಪಿಯ ಕಥೆಯನ್ನೆಲ್ಲ ಹೇಳಿದೆ. ಇಲ್ಲದ್ದೆಂದು ಯಾರೂ ನೋಡದ ಬಾಗಿಲೇ ಕಳ್ಳನಿಗೆ ಸಲೀಸು ಎಂದೆ. ಅವಳು ಕೇಳಿದ್ದು ಒಂದೇ: "ಹಂಗಂತ ಅದನ್ನ ಕಿತ್ತು ಒಗೀಲಿಲ್ಲ, ಹೌದಿಲ್ಲೋ?"

"ಇಲ್ಲವ್ವ. ನೋಡಿಕೊಳ್ಳೋರು ಒಬ್ಬರು ಬಂದರು."

ಬಹಳ ಹೊತ್ತು ಸುಮ್ಮನೆ ಕೂತಿದ್ದಳು. ಮರುದಿನ ಅವಳೇ ಪೆಟ್ಟಿಗೆಯಿಂದ ಅಪ್ಪನ ಮರಣ ಪ್ರಮಾಣಪತ್ರ ತೆಗೆದುಕೊಟ್ಟಳು. ಬ್ಯಾಂಕಿನಲ್ಲಿ ತೋರಿಸಿದ ಕಡೆಯೆಲ್ಲ ನಿಧಾನವಾಗಿ ಸಹಿ ಮಾಡಿದಳು. ದಾರಿಯುದ್ದಕ್ಕೂ ಮಾತಿಲ್ಲ. ಮನೆಗೆ ಬಂದು ಬಾಗಿಲ ಮುಂದೆ ನಿಂತಳು. ಅಪ್ಪನ ಹೆಸರಿನ ಫಲಕವನ್ನು ಸೆರಗಿನಿಂದ ಒರೆಸುತ್ತಾ ಹೇಳಿದಳು: "ಇದು ಇರಲಿ. ಇದನ್ನ ನಾ ನೋಡ್ಕೊಂತೀನಿ."